ಕಣ್ಣೊಳಗೊಂದು ತೂಬು ಇಟ್ಟು ಐದು ವರ್ಷ ಕಾದು ನೋಡೋದು

(ನಮ್ಮ ಬಡಾವಣೆಯ ಹಿರಿಯರ ಬಳಗದವರು ಕರೆದಿದ್ರು ಅಂತ ಹೋಗಿ ಒಂದು ಗಂಟೆ ಮಾತಾಡಿದ್ದೆ. ಬರೋಕಾಗದವರು ಬರೆದು ಹಾಕಿ ಅಂದ್ರು, ಹಾಗಾಗಿ ಫೋನಲ್ಲಿದ್ದ ರೆಕಾರ್ಡಿಂಗ್ ಕೇಳ್ಕೊಂಡು ಟೈಪ್ ಮಾಡಿದೀನಿ. ಮಧ್ಯದಲ್ಲಿ ಮೈಕ್ ಕೈಕೊಟ್ಟಿದ್ದು, ಕಾಫಿ ಬಂದಿದ್ದು ಎಲ್ಲ ತೆಗೆದಿದೀನಿ. ಮಾತಿನ ಧಾಟಿ ಹಾಗೇ ಬಿಟ್ಟಿದೀನಿ.)

ಎಲ್ರಿಗೂ ನಮಸ್ಕಾರ. ಮೊದಲೇ ಹೇಳ್ಬಿಡ್ತೀನಿ, ನಾನು ಡಾಕ್ಟರ್ ಅಲ್ಲ, ಆಪರೇಷನ್ ಮಾಡೋನಲ್ಲ. ನಾನು ಆಪ್ಟೋಮೆಟ್ರಿಸ್ಟ್, ಅಂದ್ರೆ ನೀವು ಕಣ್ಣಿನ ಆಸ್ಪತ್ರೆಗೆ ಹೋದಾಗ ಡಾಕ್ಟರ್ ಹತ್ರ ಕಳಿಸೋಕ್ ಮುಂಚೆ ಗಲ್ಲ ಇಲ್ಲಿ ಇಡಿ, ಹಣೆ ಒತ್ತಿ, ಕಣ್ಣು ಮುಚ್ಬೇಡಿ ಅಂತ ಗದರಿಸ್ತಾರಲ್ಲ, ಆ ಮನುಷ್ಯ. ಹತ್ತೊಂಬತ್ತು ವರ್ಷದಿಂದ ಜನರ ಕಣ್ಣಿನ ಪ್ರೆಷರ್ ಅಳೀತಾ ಇದೀನಿ. ಇವತ್ತಿನ ವಿಷಯ ಗ್ಲಾಕೋಮಾ ಅನ್ನೋ ಕಾಯಿಲೆ ಇರೋರಿಗೆ ಕಣ್ಣಿನ ಒತ್ತಡ ಇಳಿಸೋಕೆ ಕಣ್ಣೊಳಗೆ ಇಡೋ ಪುಟ್ಟ ಸಾಧನಗಳು, ಅವನ್ನ ಹೇಗೆ ಪರೀಕ್ಷೆ ಮಾಡ್ತಾರೆ ಅನ್ನೋದು. ಇದಕ್ಕೆ ಡಾಕ್ಟರ್‌ಗಿಂತ ನಾನೇ ಸರಿ ಅಂತ ಬಳಗದ ಕಾರ್ಯದರ್ಶಿಗಳು ಅಂದ್ಕೊಂಡ್ರೋ ಅಥವಾ ಡಾಕ್ಟರ್ ಸಿಗಲಿಲ್ವೋ ಗೊತ್ತಿಲ್ಲ.

ಒಂದು ವಸ್ತು ತಂದಿದೀನಿ. ಇದು ಮಕ್ಕಳು ಬರೆಯೋ 0.5ರ ಲೆಡ್ ಪೆನ್ಸಿಲ್. ಅದರ ತುದಿಯ ಲೆಡ್ ದಪ್ಪ ಅರ್ಧ ಮಿಲಿಮೀಟರ್. ನಾನು ಇವತ್ತು ಹೇಳೋ ಸಾಮಾನುಗಳಲ್ಲಿ ಒಂದರ ಹೆಸರು ಐಸ್ಟೆಂಟ್ ಇಂಜೆಕ್ಟ್, ಅದರ ಪೂರ್ತಿ ಉದ್ದ 0.36 ಮಿಲಿಮೀಟರ್. ಅಂದ್ರೆ ಈ ಲೆಡ್‌ನ ದಪ್ಪಕ್ಕಿಂತ ಅದರ ಉದ್ದ ಕಮ್ಮಿ. ಹಿಂದಿನ ಸಾಲಿನಲ್ಲಿ ಯಜಮಾನ್ರು ಸಾಸಿವೆ ಕಾಳಷ್ಟಾ ಅಂತಿದಾರೆ, ಇಲ್ಲ ಸಾರ್, ಸಾಸಿವೆ ದೊಡ್ಡದಾಯ್ತು, ರಾಗಿ ಕಾಳೂ ದೊಡ್ಡದೇ. ಅದರ ಅಣ್ಣ, ಮೊದಲನೇ ಐಸ್ಟೆಂಟ್, 2012ರಲ್ಲಿ ಔಷಧಿ, ವೈದ್ಯಕೀಯ ಸಾಧನಗಳಿಗೆ ಒಪ್ಪಿಗೆ ಕೊಡೋ ಅಮೆರಿಕದ ಎಫ್‌ಡಿಎ ಒಪ್ಪಿದ್ದು, ಅದು ಒಂದು ಮಿಲಿಮೀಟರ್ ಉದ್ದ, ಟೈಟಾನಿಯಂದು, ಆಗ ಮನುಷ್ಯನ ಮೈಯಲ್ಲಿ ಇಡೋಕೆ ಒಪ್ಪಿಗೆ ಸಿಕ್ಕಿದ್ದರಲ್ಲೇ ಅತಿ ಚಿಕ್ಕ ಸಾಧನ ಅಂತ ಹೆಸರು ಮಾಡಿತ್ತು.

ಇಷ್ಟು ಚಿಕ್ಕದು ಕೆಲಸ ಮಾಡುತ್ತಾ ಅನ್ನೋದು ಎಲ್ರೂ ಕೇಳೋ ಪ್ರಶ್ನೆ. ಆದ್ರೆ ನನಗೆ ಮಾತಾಡ್ಬೇಕಿರೋದು ಅದಲ್ಲ. ಕೆಲಸ ಮಾಡ್ತು ಅಂತ ಹೇಳೋರು ಯಾವುದರ ಜೊತೆ ಹೋಲಿಸಿ ಹೇಳಿದ್ರು, ಎಷ್ಟು ದಿನ ನೋಡಿ ಹೇಳಿದ್ರು, ಅದು. ಈ ಎರಡು ಕೇಳೋಕೆ ಬಂದ್ರೆ ಮುಂದೆ ಯಾರಾದ್ರೂ ನಿಮಗೆ ಬ್ರೋಷರ್ ಕೈಗಿಟ್ರೆ ಓದೋಕೆ ಧೈರ್ಯ ಬರುತ್ತೆ.

ಸರಿ, ಮೊದಲು ಕಣ್ಣೊಳಗಿನ ನೀರು. ಕಣ್ಣೀರಲ್ಲ, ಅದು ಬೇರೆ, ಅದು ಹೊರಗಿಂದು. ಕರಿಗುಡ್ಡೆ ಮೇಲೆ ಗಡಿಯಾರದ ಗಾಜಿನ ಥರ ಪಾರದರ್ಶಕ ಪದರ ಇದೆಯಲ್ಲ, ಕಾರ್ನಿಯ, ಅದರ ಹಿಂದೆ ಒಂದು ಚಿಕ್ಕ ಕೋಣೆ, ಅದರಲ್ಲಿ ತಿಳಿನೀರು. ಒಳಗಡೆ ಒಂದು ಭಾಗ ಅದನ್ನ ಸತತ ತಯಾರು ಮಾಡ್ತಾ ಇರುತ್ತೆ, ನಿಮಿಷಕ್ಕೆ ಎರಡು ಎರಡೂವರೆ ಮೈಕ್ರೋಲೀಟರ್, ದಿನಪೂರ್ತಿ ಲೆಕ್ಕ ಹಾಕಿದ್ರೂ ಒಂದು ಟೀ ಸ್ಪೂನ್ ತುಂಬಲ್ಲ. ಬಂದಷ್ಟೇ ನೀರು ಹೊರಗೂ ಹೋಗ್ಬೇಕು. ಕಾರ್ನಿಯ ಮತ್ತು ಬಣ್ಣದ ಪಾಪೆ ಸೇರೋ ಮೂಲೇಲಿ ಜಾಲರಿ ಥರದ್ದೊಂದು ಅಂಗಾಂಶ ಇದೆ, ನಮ್ಮ ಬಚ್ಚಲ ಮೂಲೆಯ ಜಾಲರಿ ಥರಾನೇ ಅಂದ್ಕೊಳಿ, ಅದನ್ನ ದಾಟಿದ್ರೆ ಕಣ್ಣಿನ ಸುತ್ತ ಉಂಗುರದ ಹಾಗೆ ಓಡೋ ಒಂದು ಕಾಲುವೆ, ಶ್ಲೆಮ್ ಕಾಲುವೆ ಅಂತ, ಅಲ್ಲಿಂದ ಸಣ್ಣ ಸಣ್ಣ ಕವಲು, ಅಲ್ಲಿಂದ ರಕ್ತನಾಳ. ಜಾಲರಿ ವಯಸ್ಸಾದ ಹಾಗೆ ಬಿಗಿಯಾಗ್ತಾ ಹೋದ್ರೆ ಒಳಗೆ ಒತ್ತಡ ಏರುತ್ತೆ. ಸಾಮಾನ್ಯವಾಗಿ 10ರಿಂದ 21ರ ತನಕ ಇರುತ್ತೆ, ಬಿಪಿ ಅಳೆಯೋ ಅದೇ ಪಾದರಸದ ಲೆಕ್ಕ, ಆದ್ರೆ ಬಿಪಿಗೂ ಇದಕ್ಕೂ ಸಂಬಂಧ ಕಲ್ಪಿಸ್ಕೋಬೇಡಿ, ದಿನಕ್ಕೆ ಒಬ್ರಾದ್ರೂ ನನಗೆ ಬಿಪಿ ನಾರ್ಮಲ್ ಇದೆ ಕಣ್ಣಿನ ಪ್ರೆಷರ್ ಹೇಗೆ ಜಾಸ್ತಿಯಾಯ್ತು ಅಂತ ನನ್ನ ಮೇಲೆ ರೇಗ್ತಾರೆ.

ಆ ಒತ್ತಡದಲ್ಲಿ ಹಿಂದಿರೋ ನರ ನಿಧಾನಕ್ಕೆ ಸಾಯುತ್ತೆ. ಅದೇ ಗ್ಲಾಕೋಮಾ. ಮೊದಲು ಪಕ್ಕದ ನೋಟ ಹೋಗುತ್ತೆ, ನೇರ ನೋಟ ಕೊನೇವರೆಗೂ ಇರುತ್ತೆ, ಹಾಗಾಗಿ ಪೇಪರ್ ಓದೋಕಾಗ್ತಾ ಇದೆ ಅಂದ್ಕೊಂಡು ಜನ ಸುಮ್ಮನಿರ್ತಾರೆ. ಸತ್ತ ನರ ವಾಪಸ್ ಬರಲ್ಲ. ಯಾವ ಆಪರೇಷನ್ನೂ ಹೋದ ದೃಷ್ಟಿ ತರಲ್ಲ, ಇರೋದನ್ನ ಉಳಿಸೋಕೆ ಅಷ್ಟೇ, ಇದನ್ನ ಇನ್ನೊಂದು ಸಲ ಹೇಳ್ತೀನಿ ಯಾಕಂದ್ರೆ ಇದನ್ನ ಎಷ್ಟು ಸಲ ಹೇಳಿದ್ರೂ ಆಪರೇಷನ್ ಆದಮೇಲೆ ಯಾಕೆ ಕಾಣ್ತಿಲ್ಲ ಅಂತ ಕೇಳ್ತಾರೆ.

ಚಿಕಿತ್ಸೆ ಅಂದ್ರೆ ಮೊದಲು ಡ್ರಾಪ್ಸ್, ಇಲ್ಲ ಲೇಸರ್. ಅದರಲ್ಲಿ ಹಿಡಿತಕ್ಕೆ ಬರಲಿಲ್ಲ ಅಂದ್ರೆ ಆಪರೇಷನ್. 1968ರಲ್ಲಿ ಕೇರ್ನ್ಸ್ ಅನ್ನೋರು ಬರೆದ ಟ್ರಾಬೆಕ್ಯುಲೆಕ್ಟಮಿ, ಇವತ್ತಿಗೂ ಅದೇ ದೊಡ್ಡಣ್ಣ. ಕಣ್ಣಿನ ಬಿಳಿ ಭಾಗದಲ್ಲಿ ಮುಚ್ಚಳ ಥರ ಒಂದು ಕಿಂಡಿ ಮಾಡಿ ನೀರನ್ನ ಮೇಲಿನ ತೆಳು ಪೊರೆ ಕೆಳಗೆ ಬಿಡೋದು, ಅಲ್ಲೊಂದು ಗುಳ್ಳೆ ಏಳುತ್ತೆ, ನೀರು ಅಲ್ಲಿಂದ ಇಂಗುತ್ತೆ. ಒತ್ತಡ ಚೆನ್ನಾಗೇ ಇಳಿಯುತ್ತೆ. ಕೆಲವೊಮ್ಮೆ ಅತಿಯಾಗಿ ಇಳಿಯುತ್ತೆ, ಗುಳ್ಳೆ ಸೋರುತ್ತೆ, ವರ್ಷಗಳಾದ ಮೇಲೂ ಸೋಂಕು ಬರಬಹುದು. ಇನ್ನೊಂದು ಕಡೆ ದೊಡ್ಡ ಟ್ಯೂಬುಗಳು, ಮಾಲ್ಟೆನೊ, ಅಹ್ಮದ್ ವಾಲ್ವ್, ನಮ್ಮ ಪಕ್ಕದ ಮದುರೈನ ಆರೋಲ್ಯಾಬ್ ಮಾಡೋದು, ಇವೆಲ್ಲ ಕಣ್ಣ ಹೊರಗೊಂದು ತಟ್ಟೆ ಹೊಲಿದು ಒಳಕ್ಕೆ ಕೊಳವೆ ಬಿಡೋ ಜಾತಿ.

ಈಗ ಮಧ್ಯದಲ್ಲಿ ಒಂದು ಖಾಲಿ ಜಾಗ ನೋಡಿ. ಒಂದು ತುದಿಗೆ ದಿನಾ ಹಾಕೋ ಡ್ರಾಪ್ಸ್, ಇನ್ನೊಂದು ತುದಿಗೆ ಭಾರಿ ಆಪರೇಷನ್. ರೋಗ ಇನ್ನೂ ಸಣ್ಣದಿರೋರಿಗೆ, ಹೇಗಿದ್ರೂ ಪೊರೆ (ಕ್ಯಾಟರಾಕ್ಟ್) ಆಪರೇಷನ್‌ಗೆ ಅಂತ ಟೇಬಲ್ ಮೇಲೆ ಮಲಗಿರೋರಿಗೆ, ಅದೇ ತೂತಿನಿಂದ ಒಳಗೆ ಹೋಗಿ ಐದ್ಹತ್ತು ನಿಮಿಷದಲ್ಲಿ ಏನಾದ್ರೂ ಇಟ್ಟು ಬರೋಕಾಗುತ್ತಾ? ಈ ಗುಂಪಿಗೆ ಕೆನಡಾದ ಡಾಕ್ಟರ್ ಐಕ್ ಅಹ್ಮದ್ ಮಿಗ್ಸ್ ಅಂತ ಹೆಸರಿಟ್ರು. ಅತಿ ಕಮ್ಮಿ ಗಾಯದ ಗ್ಲಾಕೋಮಾ ಸರ್ಜರಿ ಅಂತ ಅರ್ಥ. ಮೇಲೆ ಹೇಳಿದ ಅಹ್ಮದ್ ವಾಲ್ವ್‌ನ ಅಹ್ಮದ್ ಬೇರೆ, ಇವರು ಬೇರೆ, ಪರೀಕ್ಷೇಲಿ ನಾವೆಲ್ಲ ಇದನ್ನ ಗೊಂದಲ ಮಾಡ್ಕೊಂಡೋರೇ.

ನಮ್ಮೂರ ಕೆರೆಗೆ ಕೋಡಿಯೂ ಇರುತ್ತೆ ತೂಬೂ ಇರುತ್ತೆ, ಹಳ್ಳಿಯಿಂದ ಬಂದೋರಿಗೆ ಗೊತ್ತು. ತೂಬು ಅಂದ್ರೆ ಏರಿಯಲ್ಲಿ ಅಳತೆಗೆ ಇಟ್ಟ ಕಿಂಡಿ, ಬೇಕಾದಷ್ಟೇ ನೀರು ಬಿಡೋಕೆ. ದೊಡ್ಡದಾದ್ರೆ ಕೆರೆ ಬರಿದಾಗುತ್ತೆ, ಚಿಕ್ಕದಾದ್ರೆ ಏರಿ ಒಡೆಯುತ್ತೆ, ಕಸ ಕಟ್ಟಿದ್ರೆ ಇದ್ದೂ ಇಲ್ಲ. ಈ ಸಾಧನಗಳೆಲ್ಲ, ಸ್ಟೆಂಟ್ ಅಂತೀವಲ್ಲ, ತೂಬೇ. ಎಲ್ಲಿ ಇಡ್ತೀವಿ ಅನ್ನೋದರ ಮೇಲೆ ಮೂರು ಜಾತಿ ಮಾಡ್ಬಹುದು. ಐಸ್ಟೆಂಟ್, ಹೈಡ್ರಸ್ ಇವು ಕೆಟ್ಟ ಜಾಲರಿಯನ್ನ ದಾಟಿಸಿ ಹಳೇ ಕಾಲುವೆಗೇ ನೀರು ಬಿಡ್ತಾವೆ. ಝೆನ್, ಪ್ರಿಸರ್‌ಫ್ಲೋ ಇವು ಟ್ರಾಬೆಕ್ಯುಲೆಕ್ಟಮಿ ಥರಾನೇ ಮೇಲ್ಪೊರೆ ಕೆಳಗೆ ಬಿಡ್ತಾವೆ. ಸೈಪಾಸ್ ಅನ್ನೋದು ಕಣ್ಣಿನ ಗೋಡೆ ಪದರಗಳ ನಡುವಿನ ಜಾಗಕ್ಕೆ ಬಿಡ್ತಿತ್ತು. ಬಿಡ್ತಿತ್ತು ಅಂದೆ, ಯಾಕೆ ಅಂತ ಆಮೇಲೆ ಹೇಳ್ತೀನಿ, ನಿಜವಾಗಿ ನಾನು ಬಂದಿರೋದೇ ಆ ಕಥೆಗೆ.

ಕೊಳವೆ ಲೆಕ್ಕ ಸ್ವಲ್ಪ ಇದೆ, ಹೆದರ್ಬೇಡಿ. ಸಣ್ಣ ಕೊಳವೇಲಿ ನೀರು ಹರಿಯೋಕೆ ಎಷ್ಟು ಅಡ್ಡಿ ಅನ್ನೋದು ಉದ್ದಕ್ಕೆ ತಕ್ಕ ಹಾಗೆ ನೇರವಾಗಿ ಹೆಚ್ಚುತ್ತೆ, ಉದ್ದ ಡಬಲ್ ಆದ್ರೆ ಅಡ್ಡಿ ಡಬಲ್. ಆದ್ರೆ ಒಳಗಿನ ಅಗಲ ಅರ್ಧ ಮಾಡಿದ್ರೆ ಅಡ್ಡಿ ಎರಡು ಪಟ್ಟಲ್ಲ, ನಾಲ್ಕು ಪಟ್ಟಲ್ಲ, ಹದಿನಾರು ಪಟ್ಟು. ಪ್ವಾಜಯ್ ಅನ್ನೋ ಫ್ರೆಂಚ್ ಡಾಕ್ಟರ್ 19ನೇ ಶತಮಾನದಲ್ಲೇ ಇದನ್ನ ಅಳೆದಿದ್ರು, ರಕ್ತನಾಳದ ಕುತೂಹಲಕ್ಕೆ. ಅದಕ್ಕೇ ಝೆನ್ 6 ಮಿಲಿಮೀಟರ್ ಉದ್ದ, ಒಳಗಿನ ತೂತು 45 ಮೈಕ್ರಾನ್ (ಸಾವಿರ ಮೈಕ್ರಾನ್ ಸೇರಿದ್ರೆ ಒಂದು ಮಿಲಿಮೀಟರ್), ನಿಮ್ಮ ತಲೆಕೂದಲಿಗಿಂತ ಸಪೂರ. ಪ್ರಿಸರ್‌ಫ್ಲೋ ಎಂಟೂವರೆ ಮಿಲಿಮೀಟರ್, ತೂತು 70 ಮೈಕ್ರಾನ್. ಈ ಅಳತೆಗಳು ಕಣ್ಣು ಬರಿದಾಗದ ಹಾಗೆ ಕೂತು ಲೆಕ್ಕ ಹಾಕಿ ಇಟ್ಟಿದ್ದು. ಐಸ್ಟೆಂಟ್‌ನ ಕಥೆ ಬೇರೆ, ತೂತು 120 ಮೈಕ್ರಾನ್, ಉದ್ದ ಒಂದೇ ಮಿಲಿಮೀಟರ್, ಅದು ಅಡ್ಡಿ ಅನ್ನೋದನ್ನೇ ಮಾಡಲ್ಲ, ಅಲ್ಲಿ ತಡೆಯೋದು ಮುಂದಿನ ಕಾಲುವೆ ಮತ್ತು ರಕ್ತನಾಳದ ಒತ್ತಡ. ರಕ್ತನಾಳದಲ್ಲೇ ಎಂಟ್ಹತ್ತು ಇದ್ರೆ ಅದಕ್ಕಿಂತ ಕೆಳಗೆ ಕಣ್ಣು ಇಳಿಯಲ್ಲ. ಇದೇ ಅದರ ಸುರಕ್ಷತೆ, ಇದೇ ಅದರ ಮಿತಿ. ನರ ತುಂಬ ಹಾಳಾಗಿ ಒತ್ತಡ 10, 11ಕ್ಕೆ ತರಲೇಬೇಕು ಅನ್ನೋರಿಗೆ ಇದು ಸಾಲಲ್ಲ.

ಲ್ಯಾಬ್‌ನಲ್ಲಿ ಹೇಗೆ ನೋಡ್ತಾರೆ? ದಾನ ಬಂದ ಕಣ್ಣಿನ ಮುಂಭಾಗ ಇಟ್ಕೊಂಡು, ಪಂಪ್‌ನಿಂದ ನಿಮಿಷಕ್ಕೆ ಎರಡೂವರೆ ಮೈಕ್ರೋಲೀಟರ್ ದ್ರವ ಬಿಟ್ಟು ದಿನಗಟ್ಟಲೆ ಜೀವಂತ ಇಡ್ತಾರೆ. ಐಸ್ಟೆಂಟನ್ನ ಹಾಗೆ 2004ರ ಸುಮಾರಿಗೆ ನೋಡಿದಾಗ ಒಂದು ಸ್ಟೆಂಟ್‌ಗೇ ಒತ್ತಡ 21ರಿಂದ 12ರ ಹತ್ರ ಬಂತು. ಅಬ್ಬಾ ಅನ್ಸುತ್ತಲ್ವಾ? ಆದ್ರೆ ಆ ಕಣ್ಣಿಗೆ ರಕ್ತನಾಳದಲ್ಲಿ ರಕ್ತ ಇಲ್ಲ, ಎದುರೊತ್ತಡ ಇಲ್ಲ, ಗಾಯ ಮಾಯೋ ದೇಹ ಇಲ್ಲ. ಮನುಷ್ಯರಲ್ಲಿ ಅಷ್ಟು ಇಳಿಯಲಿಲ್ಲ. ಮೊಲದ ಕಣ್ಣಲ್ಲೂ ಈ ಥರ ಸಾಧನಗಳನ್ನ ಇಟ್ಟು ಊತ, ಗಾಯದ ಕಲೆ ಎಲ್ಲ ನೋಡ್ತಾರೆ. ಮೊಲದ ಬಗ್ಗೆ ಒಂದು ಮಾತು ನೆನಪಿಟ್ಕೊಳಿ, ಆಮೇಲೆ ಬೇಕಾಗುತ್ತೆ. ಕಾರ್ನಿಯದ ಒಳಮೈಯಲ್ಲಿ ಒಂದೇ ಸಾಲು ಜೀವಕೋಶ ಇರುತ್ತೆ, ಎಂಡೋಥೀಲಿಯಂ ಅಂತ, ಕಾರ್ನಿಯಕ್ಕೆ ನೀರು ತುಂಬದ ಹಾಗೆ ಪಂಪ್ ಮಾಡ್ತಾ ಇರೋದು ಅದೇ. ಮೊಲಕ್ಕೆ ಅದು ಹೋದ್ರೆ ಮತ್ತೆ ಬೆಳೆಯುತ್ತೆ. ನಮಗೆ ಬೆಳೆಯಲ್ಲ.

ಇನ್ನು ಮನುಷ್ಯರ ಟ್ರಯಲ್. ಇಲ್ಲಿ ನನ್ನ ಕೆಲಸ ಬರುತ್ತೆ, ಹಾಗಾಗಿ ಸ್ವಲ್ಪ ಜಾಸ್ತಿ ಹೊತ್ತು ತಗೊಂಡ್ರೆ ಬೈಕೋಬೇಡಿ.

ಒತ್ತಡ ಅನ್ನೋದು ನಿಂತಲ್ಲಿ ನಿಲ್ಲಲ್ಲ. ಬೆಳಗ್ಗೆ ಒಂದು, ಸಂಜೆ ಒಂದು. ಕೊರಳ ಗುಂಡಿ ಬಿಗಿ ಇದ್ರೆ ಜಾಸ್ತಿ ತೋರಿಸುತ್ತೆ, ಉಸಿರು ಹಿಡ್ಕೊಂಡ್ರೆ ಜಾಸ್ತಿ, ಕಣ್ಣು ಹಿಂಡಿದ್ರೆ ಜಾಸ್ತಿ. ನಾವು ಅಳೆಯೋದು ಗೋಲ್ಡ್‌ಮನ್ ಟೋನೋಮೀಟರ್‌ನಲ್ಲಿ: ಹಳದಿ ಹನಿ ಹಾಕಿ ನೀಲಿ ಬೆಳಕಲ್ಲಿ ನೋಡಿದ್ರೆ ಎರಡು ಹಸಿರು ಅರ್ಧವೃತ್ತ ಕಾಣ್ಸುತ್ತೆ, ಪಕ್ಕದ ಗುಂಡಿ ತಿರುಗಿಸ್ತಾ ಹೋದ್ರೆ ಎರಡೂ ಒಂದನ್ನೊಂದು ತಾಕೋ ಜಾಗ ಸಿಗುತ್ತೆ, ಆಗ ಗುಂಡಿ ಮೇಲಿನ ನಂಬರ್ ಓದೋದು. ಈಗ ನನಗೆ ಈ ಕಣ್ಣಲ್ಲಿ ಹೊಸ ಸ್ಟೆಂಟ್ ಇದೆ ಅಂತ ಗೊತ್ತಿದ್ರೆ, ಡಾಕ್ಟರ್ ಪಕ್ಕದಲ್ಲಿ ನಿಂತು ಎಷ್ಟು ಬಂತು ಎಷ್ಟು ಬಂತು ಅಂತ ಕಾಯ್ತಾ ಇದ್ರೆ, 17 ಇರೋದು 16 ಆಗಿ ಕಾಣೋದು ಮೋಸ ಅಲ್ಲ, ಮನುಷ್ಯ ಸ್ವಭಾವ. ಅದಕ್ಕೇ ಒಳ್ಳೆ ಟ್ರಯಲ್‌ಗಳಲ್ಲಿ ಇಬ್ರು ಕೂರ್ತಾರೆ. ಒಬ್ರು ಲೆನ್ಸಲ್ಲಿ ನೋಡ್ತಾ ಗುಂಡಿ ತಿರುಗಿಸ್ತಾರೆ, ಅವರಿಗೆ ನಂಬರ್ ಕಾಣಲ್ಲ, ಇನ್ನೊಬ್ರು ನಂಬರ್ ಓದಿ ಬರ್ಕೋತಾರೆ. ಮೊದಲನೇ ಸಲ ಈ ಥರ ಮಾಡಿದಾಗ ನನಗೆ ಅವಮಾನ ಆದ ಹಾಗಾಯ್ತು, ಇಷ್ಟು ವರ್ಷದ ಅನುಭವ ನಂಬಲ್ವಾ ಅಂತ. ಆಮೇಲೆ ನನ್ನದೇ ಹಳೇ ರೀಡಿಂಗ್ಸ್ ತೆಗೆದು ನೋಡಿದೆ, 16, 18, 20, ಬರೀ ಸರಿಸಂಖ್ಯೆಗಳೇ ರಾಶಿ! ಆ ಗುಂಡಿ ಮೇಲೆ ಗೀರು ಎರಡೆರಡಕ್ಕೆ ಇರುತ್ತೆ, ಕಣ್ಣು ಗೀರಿಗೆ ಹೋಗಿ ನಿಲ್ಲುತ್ತೆ. ಇನ್ನೇನು ವಾದ ಮಾಡ್ಲಿ.

ಮುಂದಿನ ತೊಂದರೆ ಡ್ರಾಪ್ಸ್. ಟ್ರಯಲ್‌ಗೆ ಬರೋರು ಒಂದೋ ಎರಡೋ ಬಗೆ ಡ್ರಾಪ್ಸ್ ಹಾಕ್ತಾ ಇರ್ತಾರೆ. ಇಳಿದದ್ದು ಡ್ರಾಪ್ಸ್‌ದಾ ಸ್ಟೆಂಟ್‌ದಾ? ಹಾಗಾಗಿ ಮೊದಲು ಡ್ರಾಪ್ಸ್ ನಿಲ್ಲಿಸಿ, ಕೆಲವಕ್ಕೆ ನಾಲ್ಕು ವಾರ ಬೇಕು ಪೂರ್ತಿ ಪ್ರಭಾವ ಹೋಗೋಕೆ, ಆಮೇಲೆ ಅಳೀತಾರೆ. ಕೊನೇಲೂ ಹಾಗೇ ನಿಲ್ಲಿಸಿ ಅಳೀತಾರೆ. ಇದನ್ನ ವಾಶ್‌ಔಟ್ ಅಂತಾರೆ. ಡ್ರಾಪ್ಸ್ ನಿಲ್ಸಿ ಅನ್ನೋಕೆ ಧೈರ್ಯ ಬೇಕು, ಅದಕ್ಕೇ ನರ ತುಂಬ ಹಾಳಾದೋರನ್ನ ಇಂಥ ಟ್ರಯಲ್‌ಗೆ ಸೇರಿಸ್ಕೊಳ್ಳೋದೇ ಇಲ್ಲ. ಇದೂ ಆಮೇಲೆ ಬೇಕಾಗುತ್ತೆ.

ಎಲ್ಲಕ್ಕಿಂತ ದೊಡ್ಡ ತೊಂದರೆ ಹೊರಗಿನವರು ಊಹಿಸದೇ ಇರೋದು: ಪೊರೆ ಆಪರೇಷನ್ ಒಂದರಿಂದಲೇ ಕಣ್ಣಿನ ಒತ್ತಡ ಇಳಿಯುತ್ತೆ. ಒಳಗಿನ ದಪ್ಪ ಲೆನ್ಸ್ ತೆಗೆದು ತೆಳ್ಳಗಿನದ್ದು ಇಟ್ರೆ ಮೂಲೆ ಅಗಲ ಆಗುತ್ತೆ, ನೀರು ಸಲೀಸಾಗಿ ಹೋಗುತ್ತೆ. ಅಂದ ಮೇಲೆ ಪೊರೆ ತೆಗೆದು ಜೊತೇಲಿ ಸ್ಟೆಂಟೂ ಇಟ್ಟು ನೋಡಿ ಎಷ್ಟು ಇಳೀತು ಅಂದ್ರೆ, ಮದುವೆ ಮನೆ ಊಟದಲ್ಲಿ ಹೊಟ್ಟೆ ತುಂಬಿದ್ದಕ್ಕೆ ಕೊನೇಲಿ ಹಾಕಿದ ಬಾಳೆಹಣ್ಣಿಗೆ ಕ್ರೆಡಿಟ್ ಕೊಟ್ಟ ಹಾಗಾಯ್ತು. ಹಾಗಾಗಿ ಎಲ್ರಿಗೂ ಪೊರೆ ಆಪರೇಷನ್ ಮಾಡ್ತಾರೆ, ಅದು ಸುಸೂತ್ರವಾಗಿ ಮುಗಿದ ಮೇಲೆ, ಪೇಷಂಟ್ ಟೇಬಲ್ ಮೇಲೆ ಇರುವಾಗಲೇ, ಚೀಟಿ ಎತ್ತಿದ ಹಾಗೆ ಇವರಿಗೆ ಸ್ಟೆಂಟ್ ಇವರಿಗಿಲ್ಲ ಅಂತ ತೀರ್ಮಾನ ಆಗುತ್ತೆ. ಸರ್ಜನ್‌ಗೆ ಮೊದಲೇ ಗೊತ್ತಿದ್ರೆ ಕೈ ಬೇರೆ ಥರ ಓಡುತ್ತಲ್ಲ.

ಈಗ ನಂಬರ್ ನೋಡೋಣ. ಹೈಡ್ರಸ್ ಅಂತ ಅಂದೆ, 8 ಮಿಲಿಮೀಟರ್ ಉದ್ದದ ಬಾಗಿದ ನಿಟಿನಾಲ್ ಲೋಹದ್ದು, ಶ್ಲೆಮ್ ಕಾಲುವೆ ಒಳಗೇ ಚಪ್ಪರದ ಗಳದ ಹಾಗೆ ಕೂತು ಅದು ಕುಸಿಯದಂತೆ ಹಿಡ್ಕೊಳ್ಳುತ್ತೆ. ಹೊರೈಜನ್ ಅನ್ನೋ ಟ್ರಯಲ್, 556 ಜನ, 369 ಜನಕ್ಕೆ ಸ್ಟೆಂಟ್, 187 ಜನಕ್ಕೆ ಬರೀ ಪೊರೆ ಆಪರೇಷನ್. ಎರಡು ವರ್ಷಕ್ಕೆ ಡ್ರಾಪ್ಸ್ ಇಲ್ಲದೆ ಒತ್ತಡ 20 ಪರ್ಸೆಂಟ್ ಆದ್ರೂ ಇಳಿದವರು ಸ್ಟೆಂಟ್ ಕಡೆ 77.3 ಪರ್ಸೆಂಟ್. ಕೇಳೋಕೆ ಜೋರಾಗಿದೆ. ಸ್ಟೆಂಟ್ ಇಲ್ಲದೋರು? 57.8 ಪರ್ಸೆಂಟ್! ಸರಾಸರಿ ಇಳಿತ ಸ್ಟೆಂಟ್ ಕಡೆ 7.6, ಇಲ್ಲದ ಕಡೆ 5.3. ಬ್ರೋಷರ್‌ನಲ್ಲಿ ದೊಡ್ಡ ಅಕ್ಷರದಲ್ಲಿ ಬರೋದು 7.6. ಸ್ಟೆಂಟ್ ಸಂಪಾದಿಸಿದ್ದು 2.3. ಅಷ್ಟೇ. ಮೊದಲ ಐಸ್ಟೆಂಟ್‌ನದ್ದೂ ಹೀಗೇ, 2011ರಲ್ಲಿ ಬಂದ 240 ಕಣ್ಣಿನ ಟ್ರಯಲ್‌ನಲ್ಲಿ ಒಂದು ವರ್ಷಕ್ಕೆ ಡ್ರಾಪ್ಸ್ ಇಲ್ಲದೆ 21ರೊಳಗೆ ಇದ್ದೋರು 72 ಪರ್ಸೆಂಟ್, ಸ್ಟೆಂಟ್ ಇಲ್ಲದೆ 50.

ನಾನು ಇದನ್ನ ಹೀಯಾಳಿಸೋಕೆ ಹೇಳ್ತಿಲ್ಲ. ಹೊರೈಜನ್‌ನವರು ಅದೇ ಜನರನ್ನ ಐದು ವರ್ಷ ನೋಡಿದ್ರು, ಆಗ ಸ್ಟೆಂಟ್ ಕಡೆ 66 ಪರ್ಸೆಂಟ್ ಜನ ಡ್ರಾಪ್ಸ್ ಇಲ್ಲದೆ ಇದ್ರು, ಇಲ್ಲದ ಕಡೆ 46, ಮುಂದೆ ಮತ್ತೆ ಗ್ಲಾಕೋಮಾ ಆಪರೇಷನ್ ಬೇಕಾದೋರೂ ಸ್ಟೆಂಟ್ ಕಡೆ ಕಮ್ಮಿ. ನನ್ನ ಮಟ್ಟಿಗೆ ಎರಡನೇ ವರ್ಷದ ನಂಬರಿಗಿಂತ ಇದು ತೂಕದ್ದು. ದಿನಾ ರಾತ್ರಿ ಡ್ರಾಪ್ಸ್ ಹಾಕೋಕೆ ಕೈ ನಡುಗೋ ಅಜ್ಜಿಗೆ ಒಂದು ಬಾಟಲಿ ತಪ್ಪಿದ್ರೂ ದೊಡ್ಡದೇ.

ಪ್ರಿಸರ್‌ಫ್ಲೋನವರನ್ನ ಮೆಚ್ಚಬೇಕು, ಅವರು ಸುಲಭದ ಎದುರಾಳಿ ಹುಡುಕಲಿಲ್ಲ, ನೇರ ದೊಡ್ಡಣ್ಣನ ಎದುರೇ ಅಖಾಡಕ್ಕೆ ಇಳಿದ್ರು. 527 ಕಣ್ಣು, ಒಂದು ಗುಂಪಿಗೆ ಆ ಸಣ್ಣ ಕೊಳವೆ, ಇನ್ನೊಂದಕ್ಕೆ ಟ್ರಾಬೆಕ್ಯುಲೆಕ್ಟಮಿ. 2021ರಲ್ಲಿ ಒಂದು ವರ್ಷದ ಫಲಿತಾಂಶ ಬಂತು, ಗೆದ್ದೋರು ಕೊಳವೆ ಕಡೆ 53.9 ಪರ್ಸೆಂಟ್, ಹಳೇ ಆಪರೇಷನ್ ಕಡೆ 72.7. ಒತ್ತಡ ಒಂದರಲ್ಲಿ 14.3ಕ್ಕೆ, ಇನ್ನೊಂದರಲ್ಲಿ 11.1ಕ್ಕೆ. ಸೋತ್ರು. ಒತ್ತಡ ಅತಿಯಾಗಿ ಇಳಿಯೋ ತಾಪತ್ರಯ ಕೊಳವೆ ಕಡೆ ಕಮ್ಮಿ ಇತ್ತು ಅನ್ನೋದೂ ನಿಜ. ಅದನ್ನ ಪ್ರಕಟಿಸಿದ್ರಲ್ಲ, ಆ ಸೋಲಿನಿಂದ ಡಾಕ್ಟರ್‌ಗಳಿಗೆ ಯಾರಿಗೆ ಯಾವುದು ಅಂತ ಹೇಳೋಕೆ ಬಂತು. (ಆ ಕೊಳವೆ ಮಾಡಿರೋ ಪ್ಲಾಸ್ಟಿಕ್ಕಿನ ಜಾತಿ ಮೊದಲು ಹೃದಯದ ಸ್ಟೆಂಟ್ ಮೇಲಿನ ಲೇಪಕ್ಕೆ ಬಳಸಿದ್ದು, ಕಣ್ಣಿಗೆ ಬಂದಿದ್ದು ಆಮೇಲೆ.)

ಈಗ ಸೈಪಾಸ್.

ಪಾಲಿಇಮೈಡ್ ಅನ್ನೋ ವಸ್ತುವಿನ 6.35 ಮಿಲಿಮೀಟರ್ ಕೊಳವೆ. ಪೊರೆ ಆಪರೇಷನ್ ಜೊತೆಗೇ ಇಡೋದು. ಕಾಂಪಸ್ ಅನ್ನೋ ಟ್ರಯಲ್, 505 ಜನ, ಚೀಟಿ ಎತ್ತಿ ಹಂಚಿದ್ದು, ಎರಡು ವರ್ಷ ನೋಡಿದ್ದು, ನಾನು ಇಷ್ಟು ಹೊತ್ತು ಹೀಗಿರಬೇಕು ಹೀಗಿರಬೇಕು ಅಂತ ಹೇಳಿದ ಎಲ್ಲ ಕಟ್ಟುಪಾಡೂ ಅದರಲ್ಲಿತ್ತು. 20 ಪರ್ಸೆಂಟ್ ಇಳಿದವರು ಸೈಪಾಸ್ ಕಡೆ 77, ಬರೀ ಪೊರೆ ಕಡೆ 60. 2016ರ ಜುಲೈನಲ್ಲಿ ಎಫ್‌ಡಿಎ ಒಪ್ಪಿತು. ಕಣ್ಣಿನ ಸಾಧನಗಳನ್ನ ಮಾಡೋ ದೊಡ್ಡ ಕಂಪನಿ ಆಲ್ಕಾನ್ ಅದನ್ನ ಮಾಡಿದ ಕಂಪನಿಯನ್ನ ಕೊಂಡಿತ್ತು, ಮಾರೋಕೆ ಶುರು ಮಾಡಿತು. ಡಾಕ್ಟರ್‌ಗಳಿಗೆ ಇಷ್ಟ ಆಗಿತ್ತು, ಇಡೋಕೂ ಸುಲಭ, ಒತ್ತಡವೂ ಇಳೀತಿತ್ತು.

ಕಾಂಪಸ್‌ನಲ್ಲಿದ್ದ ಅದೇ ಜನರನ್ನ ಇನ್ನೂ ಮೂರು ವರ್ಷ ನೋಡೋ ಏರ್ಪಾಡು ಇತ್ತು. ನೋಡಿದ್ದು ಒತ್ತಡ ಒಂದನ್ನೇ ಅಲ್ಲ, ಕಾರ್ನಿಯದ ಒಳಸಾಲಿನ ಆ ಜೀವಕೋಶಗಳನ್ನೂ ಎಣಿಸ್ತಾ ಹೋದ್ರು. ಮೊಲಕ್ಕೆ ಬೆಳೆಯುತ್ತೆ ನಮಗೆ ಬೆಳೆಯಲ್ಲ ಅಂದ್ನಲ್ಲ, ಅದೇ. ಅದರ ಫೋಟೋ ತೆಗೆಯೋ ಮೆಷಿನ್ ಇದೆ, ಜೇನುಗೂಡಿನ ಹಾಗೆ ಆರು ಮೂಲೆಯ ಕೋಶಗಳು ಕಾಣ್ಸುತ್ತೆ, ಒಂದು ಚದರ ಮಿಲಿಮೀಟರ್‌ಗೆ ಎಷ್ಟಿದೆ ಅಂತ ಲೆಕ್ಕ ಹಾಕೋದು, ದೊಡ್ಡವರಲ್ಲಿ ಎರಡೂವರೆ ಸಾವಿರದ ಆಸುಪಾಸು. ವಯಸ್ಸಿಗೆ ವರ್ಷಕ್ಕೆ ಅರ್ಧ ಪರ್ಸೆಂಟ್‌ಗಿಂತ ಸ್ವಲ್ಪ ಜಾಸ್ತಿ ಹೋಗ್ತಾ ಇರುತ್ತೆ, ಪೊರೆ ಆಪರೇಷನ್‌ನಲ್ಲೂ ಒಂದಿಷ್ಟು ಹೋಗುತ್ತೆ, ಇದ್ದಿದ್ದು ಸಾಕಾಗುತ್ತೆ. ತುಂಬ ಕಮ್ಮಿಯಾದ್ರೆ ಕಾರ್ನಿಯ ನೀರು ತುಂಬಿ ಮಂಜಾಗುತ್ತೆ, ಆಗ ದಾನ ಬಂದ ಕಾರ್ನಿಯ ಹಾಕೋದೇ ದಾರಿ.

ಎರಡು ವರ್ಷದ ತನಕ ಎರಡು ಗುಂಪಿನಲ್ಲೂ ದೊಡ್ಡ ವ್ಯತ್ಯಾಸ ಇರಲಿಲ್ಲ. ಐದನೇ ವರ್ಷಕ್ಕೆ ಬರೀ ಪೊರೆ ಆಪರೇಷನ್ ಆದವರಲ್ಲಿ ಕೋಶ ಹೋಗಿದ್ದು ಸುಮಾರು 10 ಪರ್ಸೆಂಟ್, ಸೈಪಾಸ್ ಇದ್ದವರಲ್ಲಿ ಸುಮಾರು 20. 2018ರ ಆಗಸ್ಟ್ 29ಕ್ಕೆ ಆಲ್ಕಾನ್ ತಾನಾಗೇ ಜಗತ್ತಿನಾದ್ಯಂತ ಮಾರಾಟ ನಿಲ್ಲಿಸಿತು, ಉಳಿದಿರೋದನ್ನ ಇಡ್ಬೇಡಿ ವಾಪಸ್ ಕಳಿಸಿ ಅಂತು. ಒಪ್ಪಿಗೆ ಸಿಕ್ಕಿ ಎರಡು ವರ್ಷ ಒಂದು ತಿಂಗಳು.

ಕಾರಣ ಹುಡುಕಿದ್ದು ನನಗೆ ಇನ್ನೂ ಇಷ್ಟದ ಭಾಗ. ಕೊಳವೆಯ ಈಚೆ ತುದೀಲಿ ಹಿಡಿತಕ್ಕೆ ಅಂತ ಮೂರು ಬಳೆ ಇತ್ತು. ಒಳಗೆ ಪೂರ್ತಿ ತಳ್ಳಿದ್ರೆ ಒಂದೂ ಬಳೆ ಕಾಣಲ್ಲ, ಸ್ವಲ್ಪ ಹೊರಗೇ ಉಳಿದ್ರೆ ಒಂದು, ಇನ್ನೂ ಉಳಿದ್ರೆ ಎರಡು ಮೂರು ಬಳೆ ಕಣ್ಣಿನ ಮುಂದಿನ ಕೋಣೇಲಿ ಚಾಚ್ಕೊಂಡು ಕಾಣ್ಸುತ್ತೆ. ಬಳೆ ಒಂದೂ ಕಾಣದವರಲ್ಲಿ ಕೋಶ ವರ್ಷಕ್ಕೆ 1.39 ಪರ್ಸೆಂಟ್ ಹೋಗಿತ್ತು, ಒಂದು ಕಂಡವರಲ್ಲಿ 2.74, ಎರಡು ಮೂರು ಕಂಡವರಲ್ಲಿ 6.96. ಅಂದ್ರೆ ವಸ್ತುವಿನ ವಿಷ ಅಲ್ಲ, ಇಟ್ಟ ಆಳ. ಕೊಳವೆಯ ತುದಿ ಕಾರ್ನಿಯದ ಹತ್ರ ಇದ್ದಷ್ಟೂ ಒಳಸಾಲು ಸವೀತಾ ಹೋಗಿದೆ. ಒಂದು ಮಿಲಿಮೀಟರ್‌ಗೂ ಕಮ್ಮಿ ಅಂತರದ ವ್ಯತ್ಯಾಸ ಇದೆಲ್ಲ, ಸಾರ್. ಆಮೇಲೆ ಡಾಕ್ಟರ್‌ಗಳಿಗೆ ಬಂದ ಸಲಹೆ ಏನಂದ್ರೆ, ಈಗಾಗಲೇ ಇಟ್ಟಿರೋದನ್ನ ಎಲ್ರಿಗೂ ಕೀಳೋಕೆ ಹೋಗ್ಬೇಡಿ, ಕೀಳೋದ್ರಿಂದ್ಲೂ ಗಾಯ ಆಗುತ್ತೆ, ಕೋಶ ಎಣಿಸ್ತಾ ಇರಿ, ಬಳೆ ಹೊರಗೆ ಕಾಣ್ತಾ ಕೋಶವೂ ಬೇಗ ಇಳೀತಿದ್ರೆ ತುದಿ ಕತ್ತರಿಸೋದನ್ನ ಯೋಚಿಸಿ ಅಂತ.

ಇಲ್ಲಿ ಯಾರೋ ಕೇಳಿದ್ರು, ಹಾಗಾದ್ರೆ ಟ್ರಯಲ್ ಮೋಸಾನಾ ಅಂತ. ಅಲ್ಲ ಸಾರ್. ಎರಡು ವರ್ಷ ಅಂತ ಹೇಳಿ ಎರಡು ವರ್ಷ ಪ್ರಾಮಾಣಿಕವಾಗಿ ನೋಡಿದ್ರು. ತೊಂದರೆ ಮೂರನೇ ವರ್ಷದಿಂದ ಆಚೆಗಿತ್ತು. ಮೊಲದಲ್ಲಿ ಇದನ್ನ ಹಿಡಿಯೋಕೇ ಕಷ್ಟ, ಸವೆದದ್ದು ಮತ್ತೆ ತುಂಬ್ಕೊಳ್ಳುತ್ತೆ. ದಾನ ಬಂದ ಕಣ್ಣು ವಾರಗಟ್ಟಲೆ ಇದ್ರೆ ಹೆಚ್ಚು. ಹಾಗಾಗಿ ಮನುಷ್ಯರ ಕಣ್ಣಲ್ಲಿ, ಕಾಲ ಕಳೆದೇ, ಎಣಿಸೇ ತಿಳೀಬೇಕಿತ್ತು. ಆ ಮೂರು ವರ್ಷದ ಹೆಚ್ಚುವರಿ ಎಣಿಕೆಯನ್ನ ಯಾರಾದ್ರೂ ದಂಡ ಖರ್ಚು ಅಂತ ಕೈಬಿಟ್ಟಿದ್ರೆ ಇವತ್ತಿಗೂ ಇಡ್ತಾ ಇರ್ತಿದ್ರು, ಯಾರಿಗೋ ಹತ್ತು ವರ್ಷಕ್ಕೆ ಕಣ್ಣು ಮಂಜಾದ್ರೆ ವಯಸ್ಸಾಯ್ತು ಅಂತಿದ್ವಿ.

ನಮ್ಮ ದೇಶದ ವಿಷಯಕ್ಕೆ ಬರ್ತೀನಿ. 2010ರಲ್ಲಿ ಪ್ರಕಟವಾದ ಅಂದಾಜಿನ ಪ್ರಕಾರ ಭಾರತದಲ್ಲಿ ನಲವತ್ತು ದಾಟಿದವರಲ್ಲಿ ಗ್ಲಾಕೋಮಾ ಇರೋರು 1 ಕೋಟಿ 12 ಲಕ್ಷ, ಅದರಲ್ಲಿ ಮೂಲೆ ತೆರೆದಿರೋ ಜಾತಿ ಸುಮಾರು 65 ಲಕ್ಷ, ಮೂಲೆ ಮುಚ್ಚಿಕೊಳ್ಳೋ ಜಾತಿ ಸುಮಾರು 25 ಲಕ್ಷ. ಐಸ್ಟೆಂಟ್, ಹೈಡ್ರಸ್ ಟ್ರಯಲ್‌ಗಳೆಲ್ಲ ಮೂಲೆ ತೆರೆದಿರೋರ ಮೇಲೆ ಆಗಿದ್ದು. ಅದೂ ರೋಗ ಸಣ್ಣದು, ಮಧ್ಯಮ ಇರೋರ ಮೇಲೆ, ಡ್ರಾಪ್ಸ್ ನಿಲ್ಸಿ ಅಳೀಬೇಕಲ್ಲ ಅದಕ್ಕೆ. ಬಂದೋರಲ್ಲಿ ಹೆಚ್ಚಿನವರು ಬಿಳಿಯರು. ನಮ್ಮ ಓಪಿಡಿ ಕ್ಯೂನಲ್ಲಿ ಬೆಳಗ್ಗೆ ಎಂಟಕ್ಕೆ ಬಂದು ಕೂರೋರನ್ನ ನೋಡಿ, ಒಂದು ಕಣ್ಣು ಹೋದ ಮೇಲೆ ಇನ್ನೊಂದು ತೋರಿಸೋಕೆ ಬಂದಿರ್ತಾರೆ. ಆ 77 ಪರ್ಸೆಂಟ್‌ನ ಕಾಗದ ಇವರ ಪರವಾಗಿ ಏನೂ ಹೇಳಲ್ಲ. ಮೇಲಿಂದ ರೇಟು. ಅದಕ್ಕೇ ನಮ್ಮಲ್ಲಿ ಕೆಲವು ಸರ್ಜನ್‌ಗಳು ಸ್ಟೆಂಟೇ ಇಲ್ಲದೆ, ಹೊಲಿಗೆ ಹಾಕೋ ಪ್ರೋಲೀನ್ ದಾರವನ್ನ ಶ್ಲೆಮ್ ಕಾಲುವೇಲಿ ಸುತ್ತ ಓಡಿಸಿ ಎಳೆದು ಜಾಲರಿಯನ್ನ ಸೀಳಿಬಿಡ್ತಾರೆ, ಗ್ಯಾಟ್ ಅಂತ ಅದರ ಹೆಸರು, ಖರ್ಚು ಒಂದು ದಾರದ್ದು. ಉಪಾಯ ಚೆನ್ನಾಗಿದೆ. ಅದಕ್ಕೂ ಅದೇ ಎರಡು ಪ್ರಶ್ನೆ ಕೇಳ್ಬೇಕು ಅಷ್ಟೇ. ಅಗ್ಗ ಅಂತ ವಿನಾಯ್ತಿ ಇಲ್ಲ. ನಮ್ಮ ದೇಶದಲ್ಲಿ ಟ್ರಯಲ್ ಮಾಡೋರು 2009ರಿಂದ ಮೊದಲೇ ಸಿಟಿಆರ್‌ಐ ಅನ್ನೋ ಸರ್ಕಾರಿ ಪಟ್ಟೀಲಿ ನೋಂದಾಯಿಸ್ಬೇಕು, ಅದು ಇಂಟರ್‌ನೆಟ್‌ನಲ್ಲಿ ಎಲ್ರಿಗೂ ತೆರೆದಿದೆ, ಮೊಮ್ಮಕ್ಕಳ ಕೈಲಿ ಹುಡುಕಿಸಿ, ಏನನ್ನ ಅಳೀತೀವಿ ಎಷ್ಟು ದಿನ ಅಂತ ಶುರುವಿಗೇ ಬರೆದಿರ್ತಾರೆ.

ಪ್ರಶ್ನೋತ್ತರದಲ್ಲಿ ಬಂದಿದ್ದು ಒಂದೆರಡು. ಎಂಆರ್‌ಐ ತೆಗೆಸ್ಬಹುದಾ ಅಂತ ಒಬ್ರು: ಸ್ಟೆಂಟ್ ಇದೆ ಅಂತ ಮೊದಲೇ ಹೇಳ್ಬೇಕು, ಆಸ್ಪತ್ರೆಯವರು ಕೊಟ್ಟಿರೋ ಕಾರ್ಡ್ ತೋರಿಸ್ಬೇಕು, ಅವರು ಅದರ ಷರತ್ತು ನೋಡಿ ಮಾಡ್ತಾರೆ. ಝೆನ್ ಯಾವುದರಿಂದ ಮಾಡಿದ್ದು ಅಂತ ಇನ್ನೊಬ್ರು: ಹಂದಿಯ ಜೆಲಟಿನ್. ಹಾಲ್ ಒಂದು ಕ್ಷಣ ನಿಶ್ಶಬ್ದ ಆಯ್ತು. ಹಾಕಿಸ್ಕೊಳ್ಳೋದು ಬಿಡೋದು ಅವರವರ ಇಷ್ಟ, ಆದ್ರೆ ಸಹಿ ಹಾಕಿಸ್ಕೊಳ್ಳೋಕ್ ಮುಂಚೆ ಇದನ್ನ ಹೇಳ್ಬೇಕು ಅನ್ನೋದು ನನ್ನ ಮತ.

ಮುಂದಿನ ಸಾಲಿನ ಅಮ್ಮ ಒಬ್ರು ಒಳ್ಳೆ ಪ್ರಶ್ನೆ ಕೇಳಿದ್ರು, ಐದು ವರ್ಷ ಅಂತೀರಲ್ಲ, ಅಷ್ಟು ವರ್ಷ ಜನ ಬರ್ತಾರಾ? ಬರಲ್ಲಮ್ಮ, ಅದೇ ಕಷ್ಟ. ಫೋನ್ ನಂಬರ್ ಬದಲಾಗುತ್ತೆ, ಮಗನ ಮನೆಯಿಂದ ಮಗಳ ಮನೆಗೆ ಹೋಗಿರ್ತಾರೆ, ಸುಗ್ಗೀಲಿ ಬಸ್ ಹತ್ತಿ ಬನ್ನಿ ಅಂದ್ರೆ ಯಾರು ಬರ್ತಾರೆ, ಕೆಲವರು ತೀರ್ಕೊಂಡಿರ್ತಾರೆ. ಚೆನ್ನಾಗಿರೋರು ಬರಲ್ಲ ಚೆನ್ನಾಗಿದೀನಲ್ಲ ಅಂತ, ಕೆಟ್ಟಿರೋರು ಬರಲ್ಲ ಬೇರೆ ಡಾಕ್ಟರ್ ಹತ್ರ ಹೋಗಿರ್ತಾರೆ. ಹೀಗೆ ಅರ್ಧ ಜನ ಕಳೆದುಹೋದ್ರೆ ಉಳಿದ ಅರ್ಧದ ಸರಾಸರಿ ಏನೂ ಹೇಳಲ್ಲ. ನಾನು ಒಂದು ಸ್ಟಡೀಲಿ ಕೆಲಸ ಮಾಡುವಾಗ ಪ್ರತಿ ಪೇಷಂಟ್‌ಗೆ ಮೂರು ನಂಬರ್ ಬರ್ಕೋತಿದ್ವಿ, ಅವರದ್ದು, ಮಕ್ಕಳದ್ದು, ಊರಿನ ಅಂಗಡಿಯವರದ್ದು. ಹುಣಸೂರು ಕಡೆಯ ಒಬ್ಬ ಅಜ್ಜಿ ಮೂರನೇ ವರ್ಷದ ಭೇಟಿಗೆ ಸಿಕ್ಕಿದ್ದು ಆ ಅಂಗಡಿ ನಂಬರಿನಿಂದ.

ಇಷ್ಟಾಗೋ ಹೊತ್ತಿಗೆ ಹಾಲ್‌ನವರು ಬೀಗದ ಕೈ ಹಿಡ್ಕೊಂಡು ಬಾಗಿಲಲ್ಲಿ ನಿಂತಿದ್ರು. ಉಳಿದ ಪ್ರಶ್ನೆಯೆಲ್ಲ ಹೊರಗಡೆ ಮರದ ಕೆಳಗೆ ಆಯ್ತು, ಬಹುಪಾಲು ಡ್ರಾಪ್ಸ್ ಹಾಕೋದರ ಬಗ್ಗೆನೇ, ಅಲ್ಲಿ ಹೇಳಿದ್ದನ್ನೂ ಬರೀತೀನಿ: ಒಂದೇ ಹನಿ ಸಾಕು, ಹಾಕಿದ ಮೇಲೆ ಪಟಪಟ ರೆಪ್ಪೆ ಬಡೀಬೇಡಿ, ಕಣ್ಣು ಮುಚ್ಚಿ ಮೂಗಿನ ಪಕ್ಕದ ಮೂಲೇನ ಬೆರಳಲ್ಲಿ ಒಂದೆರಡು ನಿಮಿಷ ಒತ್ತಿ ಹಿಡೀರಿ, ಇಲ್ಲಾಂದ್ರೆ ಔಷಧಿ ಗಂಟಲಿಗೆ ಇಳಿಯುತ್ತೆ, ಎರಡು ಬಾಟಲಿ ಇದ್ರೆ ಮಧ್ಯೆ ಐದು ನಿಮಿಷ ಬಿಡಿ. ಒಬ್ಬ ಯಜಮಾನ್ರು ಜೇಬಿಂದ ಬಾಟಲಿ ತೆಗೆದು ಅಲ್ಲೇ ಹಾಕಿ ತೋರಿಸಿದ್ರು, ಹನಿ ಸೀದಾ ಕೆನ್ನೆ ಮೇಲೆ ಬಿತ್ತು. ಹನ್ನೊಂದು ವರ್ಷದಿಂದ ಹೀಗೇ ಹಾಕ್ತಿದೀನಿ ಅಂದ್ರು.